ಟಯರಿಗೆ ಗಾಳಿ ಎಷ್ಟು?

ಬೆಳಗ್ಗೆ ಸೊಸೈಟಿಗೆ ಹಾಲು ಒಯ್ಯುವುದು ನನ್ನ ಕೆಲಸ. ತೋಟದಿಂದ ಒಂದು ಕಿಲೋಮೀಟರ್ ಮಣ್ಣುದಾರಿ, ಆಮೇಲೆ ಡಾಮರು. ಹಳೆ ಸೈಕಲ್ ಕೆಟ್ಟ ಮೇಲೆ ಮಗನ ಮೌಂಟನ್ ಬೈಕೇ ಗತಿ. ಟಯರ್ 2 ಇಂಚು ಅಗಲ. ಅಗಲ ಟಯರ್ ತುಳಿಯಲು ಭಾರ ಅಂದುಕೊಂಡು 60 ಪೌಂಡ್ ಗಾಳಿ ಹೊಡೆದೆ. ಡಾಮರಿನಲ್ಲಿ ಹಗುರ. ತೋಟದ ಹಸಿಮಣ್ಣಲ್ಲಿ ಮಾತ್ರ ಕತ್ತಿಯ ಹಾಗೆ ಹೂತಿತು!

35ಕ್ಕೆ ಇಳಿಸಿದೆ. ಎಷ್ಟೋ ಸಲೀಸು. ಗಾಳಿ ಕಮ್ಮಿಯಾದರೆ ಟಯರ್ ನೆಲದ ಮೇಲೆ ಹೆಚ್ಚು ಜಾಗಕ್ಕೆ ಊರುತ್ತದೆ, ಹೂಳುವುದಿಲ್ಲ. ಕಲ್ಲು ಸಿಕ್ಕಿದರೆ ಸೈಕಲ್ ಎಗರುವುದಿಲ್ಲ, ಟಯರೇ ತಗ್ಗಿ ದಾಟುತ್ತದೆ. ಡಾಮರಿನಲ್ಲಿ ಇದು ಉಲ್ಟಾ. ಪ್ರತಿ ಸುತ್ತಿಗೂ ಟಯರ್ ಚಪ್ಪಟೆಯಾಗಿ ಮತ್ತೆ ಉಬ್ಬುವಾಗ ರಬ್ಬರ್ ಬಿಸಿಯಾಗಿ ನಮ್ಮ ಶಕ್ತಿ ಪೋಲು. ಅಲ್ಲಿ ಗಾಳಿ ಜಾಸ್ತಿ ಬೇಕು. ಅಗಲದ್ದೇನೂ ತಪ್ಪಿಲ್ಲ. ಗಾಳಿ ಸಮ ಇದ್ದರೆ, ಅದೇ ಜಾತಿಯ ಸಪೂರ ಟಯರಿಗಿಂತ ಅಗಲದ್ದೇ ಕಮ್ಮಿ ಬಾಗುತ್ತದೆ.

ಆಸೆಗೆ ಬಿದ್ದು ಒಂದು ದಿನ 20ಕ್ಕೆ ಇಳಿಸಿದೆ. ಚಕ್ರ ಮುರಕಲ್ಲಿಗೆ ಬಡಿಯಿತು. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು. ತಲುಪುವಾಗ ಸೊಸೈಟಿ ಬಾಗಿಲು ಹಾಕಿತ್ತು. 12 ಲೀಟರ್ ಹಾಲು ವಾಪಸ್.

ಈಗ ಹೊರೆ ಇರುವ ಹಿಂದಿನ ಚಕ್ರಕ್ಕೆ 40, ಮುಂದಿನದಕ್ಕೆ 35. ಟಯರಿನ ಬದಿಯಲ್ಲಿ ಬರೆದ ಮಿತಿಯೊಳಗೆ, ನಿಮ್ಮ ದಾರಿಗೆ ಎಷ್ಟು ಹಿತವೆಂದು ನೀವೇ ತುಳಿದು ನೋಡಿ.