ಗರ್ಭ ನಿಲ್ಲುವ ಮುನ್ನವೇ ಬೇಕಾದ ಎಚ್ಚರ

ಹುಟ್ಟುವ ಮಗು ಆರೋಗ್ಯವಾಗಿರಲೆಂದು ಹಾರೈಸದವರು ಯಾರು? ಆದರೆ ಅದರ ಆರೈಕೆ ಗರ್ಭ ನಿಲ್ಲುವ ಮೊದಲೇ ಆರಂಭವಾಗಬೇಕೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಅರಿತಿದ್ದೇವೆ?

ಭ್ರೂಣದ ಬೆನ್ನಿನ ಭಾಗದಲ್ಲಿರುವ ಚಪ್ಪಟೆ ಪದರವೊಂದು ಮಡಚಿಕೊಂಡು ಕೊಳವೆಯಾಗುತ್ತದೆ. ಇದೇ ನರನಾಳ. ಮಿದುಳು, ಬೆನ್ನುಹುರಿಗಳು ರೂಪುಗೊಳ್ಳುವುದು ಇದರಿಂದಲೇ. ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಈ ನಾಳ ಮುಚ್ಚಿಕೊಳ್ಳಬೇಕು. ಕೆಳಭಾಗ ತೆರೆದೇ ಉಳಿದರೆ ‘ಸ್ಪೈನಾ ಬೈಫಿಡಾ’ ಉಂಟಾಗಿ, ಮಗುವಿನ ಕಾಲುಗಳ ಬಲವೂ ಮಲಮೂತ್ರಗಳ ಹಿಡಿತವೂ ಕುಂದಬಹುದು. ಮೇಲ್ಭಾಗ ಮುಚ್ಚದಿದ್ದರೆ ಮಿದುಳು, ತಲೆಬುರುಡೆಗಳೇ ಪೂರ್ಣವಾಗಿ ಬೆಳೆಯವು. ಅಂತಹ ಶಿಶು ಹೆಚ್ಚು ದಿನ ಬದುಕದು. ಮುಟ್ಟು ತಪ್ಪಿ, ತಾಯಿ ವೈದ್ಯರನ್ನು ಕಾಣುವ ವೇಳೆಗೆ ಈ ಕಾರ್ಯ ಹೆಚ್ಚಾಗಿ ಮುಗಿದೇ ಹೋಗಿರುತ್ತದೆ.

ಇದಕ್ಕೆ ಕಾರಣ ಒಂದೇ ಅಲ್ಲ. ವಂಶವಾಹಿಗಳ ಪಾತ್ರವುಂಟು. ಹತೋಟಿ ಮೀರಿದ ಮಧುಮೇಹ, ಅತಿಯಾದ ಬೊಜ್ಜು, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್ ಔಷಧ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ನಾವು ಸುಲಭವಾಗಿ ನೀಗಿಸಬಹುದಾದ ಕಾರಣವೆಂದರೆ ಫೋಲೇಟ್ ಎಂಬ ಜೀವಸತ್ವದ ಕೊರತೆ. ಗ್ರಹಣದ ನೆರಳು, ಹಿರಿಯರ ಶಾಪ, ಸೊಸೆಯ ಕಾಲ್ಗುಣಗಳಿಗೆ ಇಲ್ಲಿ ಎಡೆಯಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯನ್ನು ದೂರುವುದು ಗಾಯದ ಮೇಲೆ ಬರೆ ಎಳೆದಂತೆ.

ಈ ಜೀವಸತ್ವದ ಕಥೆಗೆ ನಮ್ಮ ದೇಶದ ನಂಟಿದೆ. 1920ರ ದಶಕದ ಕೊನೆಯಲ್ಲಿ ಮುಂಬಯಿಗೆ ಬಂದ ಡಾ. ಲೂಸಿ ವಿಲ್ಸ್, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡುಕೊಂಡರು. ಅದರಲ್ಲಿದ್ದುದು ಫೋಲೇಟ್ ಎಂದು ಮುಂದೆ ತಿಳಿಯಿತು. 1991ರಲ್ಲಿ 7 ದೇಶಗಳ 33 ಕೇಂದ್ರಗಳ ಅಧ್ಯಯನವೊಂದು ಪ್ರಕಟವಾಯಿತು. ಹಿಂದೊಮ್ಮೆ ಇಂತಹ ಗರ್ಭ ಧರಿಸಿದ್ದ ತಾಯಂದಿರಲ್ಲಿ ಫೋಲಿಕ್ ಆಮ್ಲವು ದೋಷದ ಮರುಕಳಿಕೆಯನ್ನು ಶೇಕಡಾ 72ರಷ್ಟು ತಗ್ಗಿಸಿತ್ತು.

ಆದುದರಿಂದ ಮಗುವನ್ನು ಬಯಸುವ ಸ್ತ್ರೀಯರು ಕನಿಷ್ಠ ಒಂದು ತಿಂಗಳು ಮೊದಲಿನಿಂದ ಗರ್ಭದ 12ನೆಯ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸುವುದು ಉತ್ತಮ. ಹಿಂದೆ ಈ ದೋಷ ಕಂಡಿದ್ದವರಿಗೆ ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕಾಗುವುದರಿಂದ ವೈದ್ಯರ ಸಲಹೆ ಅಗತ್ಯ. ಅಪಸ್ಮಾರದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಬಸಳೆ, ಹರಿವೆ, ಹೆಸರುಕಾಳು, ಕಡಲೆ, ಕಿತ್ತಳೆಗಳಲ್ಲಿಯೂ ಫೋಲೇಟ್ ಇದೆ. ಆದರೆ ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರು ಬಸಿದರೆ ಅದು ನಷ್ಟವಾಗುತ್ತದೆ, ಆಹಾರವೊಂದನ್ನೇ ನೆಚ್ಚುವಂತಿಲ್ಲ.

ಮದುವೆ ನಿಶ್ಚಯವಾದೊಡನೆ ಸೀರೆ, ಒಡವೆ, ಸಭಾಂಗಣಗಳ ಪಟ್ಟಿ ಸಿದ್ಧವಾಗುತ್ತದೆ. ಅದರಲ್ಲಿ ಈ ಅಗ್ಗದ ಗುಳಿಗೆಗೂ ಸ್ಥಾನ ಕೊಡೋಣ.