ಸಾಲೊಮೊನ್ ಸುಲ್ಟ್ಸರನೂ ಯೆಹೂದ್ಯರ ಮಂದಿರಗಾನವೂ

ಬಾಯಿಂದ ಬಾಯಿಗೆ ಬಂದ ಗಾನವನ್ನು ಲಿಪಿಗಿಳಿಸುವಾಗ ಉಳಿಯುವುದೆಷ್ಟು, ಅಳಿಯುವುದೆಷ್ಟು ಎಂಬ ಪ್ರಶ್ನೆಯು ಸಂಗೀತವನ್ನೂ ಮೌಖಿಕ ಸಾಹಿತ್ಯವನ್ನೂ ಅಭ್ಯಸಿಸುವವರೆಲ್ಲರಿಗೂ ಎದುರಾಗತಕ್ಕುದಾಗಿದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಯೊಡನೆಯೇ ಬಾಳನ್ನು ಸವೆಯಿಸಿದವನು ವಿಯೆನ್ನಾ ನಗರದ ಯೆಹೂದ್ಯ ಗಾಯಕನಾದ ಸಾಲೊಮೊನ್ ಸುಲ್ಟ್ಸರ್. ಆತನ ಚರಿತ್ರೆಯನ್ನೂ ಕಾರ್ಯದ ಗುಣದೋಷಗಳನ್ನೂ ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಸಿನಗಾಗ್ ಎಂದು ಹೆಸರು. ಅಲ್ಲಿ ಸಭೆಯ ಪರವಾಗಿ ಪ್ರಾರ್ಥನೆಯನ್ನು ಹಾಡಿ ನಡೆಯಿಸುವವನನ್ನು ಹೀಬ್ರೂ ಭಾಷೆಯಲ್ಲಿ ಹಜ್ಜಾನ್ ಎನ್ನುವರು. ಧರ್ಮವನ್ನು ಬೋಧಿಸುವ ರಬ್ಬಿಯು ಬೇರೆ, ಈತನು ಬೇರೆ. ವಾರದ ದಿನಗಳಿಗೂ ಸಬ್ಬತ್ತಿಗೂ ಹಬ್ಬಗಳಿಗೂ ಪ್ರತ್ಯೇಕವಾದ ಧಾಟಿಗಳುಂಟು. ಇವಕ್ಕೆ ನುಸಾಹ್ ಎಂದು ಹೆಸರು. ಇವು ಆದ್ಯಂತವಾಗಿ ಕಟ್ಟಿಟ್ಟ ಹಾಡುಗಳಲ್ಲ. ಗೊತ್ತಾದ ಸ್ವರಸಂಚಾರಗಳೊಳಗೆ ಗಾಯಕನು ಮಾತಿನ ಅರ್ಥಕ್ಕೂ ನಿಲುಗಡೆಗೂ ಅನುಸಾರವಾಗಿ ಬೆಳೆಯಿಸತಕ್ಕವು. ಈ ಅಂಶದಲ್ಲಿ ಇವು ನಮ್ಮ ರಾಗಾಲಾಪನೆಯನ್ನು ನೆನಪಿಗೆ ತರುತ್ತವೆ. ಮಧ್ಯ ಯುರೋಪಿನಲ್ಲಿ ಹಜ್ಜಾನನ ಇಕ್ಕೆಲಗಳಲ್ಲಿ ಎಳೆಗಂಠದ ಬಾಲಕನೊಬ್ಬನೂ ಮಂದ್ರಗಂಠದ ಗಾಯಕನೊಬ್ಬನೂ ನಿಂತು ಹಾಡುವ ವಾಡಿಕೆಯಿದ್ದಿತು. ಕಾಲಕ್ರಮದಲ್ಲಿ ನಾಟಕಶಾಲೆಯ ಮಟ್ಟುಗಳೂ ಮಿತಿಮೀರಿದ ಅಲಂಕಾರಗಳೂ ಇದರಲ್ಲಿ ಸೇರಿಕೊಂಡವೆಂದು ಆ ಸಮಾಜದವರೇ ಆಕ್ಷೇಪಿಸತೊಡಗಿದರು.

ಸುಲ್ಟ್ಸರನು 1804ನೆಯ ಇಸವಿ ಮಾರ್ಚ್ 30ರಂದು ಆಸ್ಟ್ರಿಯದ ಪಶ್ಚಿಮದಂಚಿನ ಹೊಹೆನೆಮ್ಸ್ ಎಂಬ ಊರಿನಲ್ಲಿ ಹುಟ್ಟಿದನು. ಹದಿನಾರರ ವಯಸ್ಸಿನಲ್ಲಿಯೇ ಅಲ್ಲಿಯ ಹಜ್ಜಾನನಾದನು. 1826ರಲ್ಲಿ ವಿಯೆನ್ನಾದ ಯೆಹೂದ್ಯರು ತಮ್ಮ ಹೊಸ ಮಂದಿರಕ್ಕೆ ಈತನನ್ನು ಬರಮಾಡಿಕೊಂಡರು. ಕ್ಯಾಥೊಲಿಕ್ ಮತಕ್ಕೆ ಸೇರದ ಆರಾಧನಾಲಯವು ಬೀದಿಗೆ ಕಾಣಿಸಬಾರದೆಂಬ ನಿಯಮವಿದ್ದುದರಿಂದ ಆ ಮಂದಿರವನ್ನು ವಾಸದ ಮನೆಗಳ ಸಾಲಿನ ಹಿಂದೆ ಮರೆಯಾಗಿ ಕಟ್ಟಿದ್ದರು. ಅಲ್ಲಿಯ ಧರ್ಮಬೋಧಕನಾದ ಮನ್‌ಹೈಮರನು ಸೌಮ್ಯ ಸುಧಾರಕನು. ಹೀಬ್ರೂ ಪ್ರಾರ್ಥನೆಯನ್ನು ಬಿಡದೆ, ಆರ್ಗನ್ ವಾದ್ಯವನ್ನು ತರದೆ, ಆರಾಧನೆಗೆ ಗಾಂಭೀರ್ಯವನ್ನುಂಟುಮಾಡಬೇಕೆಂಬುದು ಆತನ ಮತವಾಗಿದ್ದಿತು. ಸಂಗೀತದಲ್ಲಿ ಇದನ್ನು ಸಾಧಿಸುವ ಭಾರವು ಸುಲ್ಟ್ಸರನ ಮೇಲೆ ಬಿದ್ದಿತು.

ಆತನು ಇಗ್ನಾಟ್ಸ್ ಫಾನ್ ಝೈಫ್ರೀಡ್ ಮೊದಲಾದವರಲ್ಲಿ ಸಂಗೀತರಚನೆಯನ್ನು ಕಲಿತು, ಬಾಲಕರನ್ನೂ ಪುರುಷರನ್ನೂ ಕೂಡಿಸಿ ಗಾಯಕವೃಂದವನ್ನು ತಯಾರುಮಾಡಿದನು. 1828ರಲ್ಲಿ ಫ್ರಾನ್ಸ್ ಶೂಬರ್ಟನು ಆತನಿಗಾಗಿ 92ನೆಯ ಕೀರ್ತನೆಗೆ, ಹೀಬ್ರೂ ಮೂಲದಲ್ಲಿಯೇ, ಸಂಗೀತವನ್ನು ರಚಿಸಿಕೊಟ್ಟನು. ಅದೇ ವರ್ಷದಲ್ಲಿ ಶೂಬರ್ಟನು ತೀರಿಕೊಂಡನು. ಈ ಕೃತಿಯೂ, ಝೈಫ್ರೀಡ್ ಮುಂತಾದ ಕ್ರೈಸ್ತರ ರಚನೆಗಳೂ, ಸುಲ್ಟ್ಸರನು 1840ರ ಸುಮಾರಿಗೆ ಪ್ರಕಟಿಸಿದ ‘ಶೀರ್ ಜಿಯೋನ್’ ಎಂಬ ಸಂಗ್ರಹದ ಮೊದಲ ಸಂಪುಟದಲ್ಲಿ ಆತನ ಸ್ವಂತ ರಚನೆಗಳೊಡನೆ ಸೇರಿವೆ. ಹೆಸರಿನ ಅರ್ಥವು ‘ಚೀಯೋನಿನ ಗಾನ’ ಎಂದು.

ಬೀದಿಗೆ ಕಾಣದ ಮಂದಿರದ ಗಾನವು ಊರಿಗೆಲ್ಲ ತಿಳಿಯಿತು. ಫ್ರಾನ್ಸ್ ಲಿಸ್ಟನು ಅಲ್ಲಿಗೆ ಬಂದು ಕೇಳಿ, ಮನಸ್ಸು ಕಲಕಿಹೋದುದನ್ನು 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿರುವನು. 1848ರ ಮಾರ್ಚ್ ಕ್ರಾಂತಿಯಲ್ಲಿ ಮಡಿದ ಕ್ರೈಸ್ತರನ್ನೂ ಯೆಹೂದ್ಯರನ್ನೂ ಒಟ್ಟಿಗೆ ಸಮಾಧಿಮಾಡಿದಾಗ, ಕ್ಯಾಥೊಲಿಕ್ ಪಾದ್ರಿಯ ಜತೆಯಲ್ಲಿ ಮನ್‌ಹೈಮರನೂ ಸುಲ್ಟ್ಸರನೂ ಅಂತ್ಯವಿಧಿಯನ್ನು ನಡೆಯಿಸಿದರು.

ಇನ್ನು ಗುಣದೋಷಗಳ ವಿಚಾರ. ಪ್ರಾಚೀನ ಧಾಟಿಗಳನ್ನು ಶುದ್ಧಗೊಳಿಸಿ ಉಳಿಸಬೇಕೆಂಬುದು ಸುಲ್ಟ್ಸರನ ಸಂಕಲ್ಪವಾಗಿದ್ದಿತು. ಆದರೆ ನುಸಾಹವು ತಾಳದ ಕಟ್ಟಿಗೊಳಗಾಗದೆ ಮಾತನ್ನನುಸರಿಸಿ ನಡೆಯುವುದು. ನಾಲ್ಕು ಕಂಠಗಳು ಬೇರೆ ಬೇರೆ ಸ್ವರಗಳನ್ನು ಏಕಕಾಲದಲ್ಲಿ ಹಾಡಬೇಕಾದರೆ ಕಾಲಪ್ರಮಾಣವನ್ನು ನಿಯಮಿಸಲೇಬೇಕು. ಮೇಲಾಗಿ ಪಾಶ್ಚಾತ್ಯ ಹಾರ್ಮೊನಿಗೆ ಹೊಂದಿಸುವಾಗ ಹಳೆಯ ಧಾಟಿಗಳ ವಿಶಿಷ್ಟ ಸ್ವರಾಂತರಗಳು ಮಾಸಿಹೋಗುವುದುಂಟು. ಆತನ ವೃಂದಗಾನಗಳಲ್ಲಿ ಚರ್ಚಿನ ಛಾಯೆಯಿದೆಯೆಂದು ಅನಂತರದ ವಿಮರ್ಶಕರು ಹೇಳಿದುದು ನಿರಾಧಾರವಲ್ಲ. 1865-66ರಲ್ಲಿ ಬಂದ ಎರಡನೆಯ ಸಂಪುಟದಲ್ಲಿ ಸಾಂಪ್ರದಾಯಿಕ ಧಾಟಿಗಳಿಗೆ ಹೆಚ್ಚಿನ ಸ್ಥಳವು ದೊರೆತಿರುವುದರಿಂದ, ಆತನಿಗೂ ಈ ಕೊರತೆಯು ತೋರಿತೆಂದು ಊಹಿಸಬಹುದು. ಇಷ್ಟಾದರೂ ಒಬ್ಬ ಗಾಯಕನ ಕಂಠದಲ್ಲಿದ್ದುದು ಗ್ರಂಥವಾದುದರಿಂದ ದೂರದ ಊರುಗಳ ಹಜ್ಜಾನರಿಗೂ ಅದು ಕೈಗೆಟಕಿತು. ಬರ್ಲಿನಿನ ಲೆವಾಂಡೋವ್‌ಸ್ಕಿ, ಪ್ಯಾರಿಸಿನ ನೌಂಬೂರ್ಗ್ ಮೊದಲಾದವರು ಇದೇ ಮಾರ್ಗದಲ್ಲಿ ನಡೆದರು.

ಸುಲ್ಟ್ಸರನು 1881ರಲ್ಲಿ ನಿವೃತ್ತನಾಗಿ, 1890ರ ಜನವರಿ 17ರಂದು ವಿಯೆನ್ನಾದಲ್ಲಿಯೇ ಕಾಲವಾದನು. 1938ರ ನವೆಂಬರಿನಲ್ಲಿ ನಾಜಿಗಳು ಆ ನಗರದ ಸಿನಗಾಗುಗಳನ್ನು ನಾಶಮಾಡಿದಾಗ ಈ ಮಂದಿರದ ಒಳಭಾಗವೂ ಹಾಳಾಯಿತು. ಆದರೆ ಸುತ್ತಲೂ ಮನೆಗಳು ಅಂಟಿಕೊಂಡಿದ್ದುದರಿಂದ ಅದನ್ನು ಸುಡಲಿಲ್ಲ. ಅವಮಾನಕ್ಕಾಗಿ ವಿಧಿಸಿದ ಮರೆಯೇ ರಕ್ಷೆಯಾಯಿತು. ಅಲ್ಲಿ ಇಂದಿಗೂ ಪ್ರಾರ್ಥನೆಯು ನಡೆಯುತ್ತಿದೆ. ಧಾಟಿಗಳನ್ನು ಕಂಠದಲ್ಲಿ ಹೊತ್ತಿದ್ದ ಅಸಂಖ್ಯ ಜನರು ಮುಂದಿನ ವರ್ಷಗಳಲ್ಲಿ ಹತರಾದರು. ಅವರೊಡನೆ ಹೋದುದನ್ನು ಯಾವ ಲಿಪಿಯೂ ಹಿಂದಕ್ಕೆ ತರಲಾರದು. ಆದರೆ ಧರ್ಮಗ್ರಂಥದ ಸುರುಳಿಯನ್ನು ಪೆಟ್ಟಿಗೆಯಿಂದ ಹೊರತರುವಾಗ ಹಾಡಲೆಂದು ಸುಲ್ಟ್ಸರನು ರಚಿಸಿದ ಮಟ್ಟುಗಳನ್ನು ಹಲವು ದೇಶಗಳ ಸಭೆಗಳು, ಅನೇಕ ವೇಳೆ ಕರ್ತೃವಿನ ಹೆಸರನ್ನೂ ಅರಿಯದೆ, ಹಾಡುತ್ತಿವೆ. ಲಿಪಿಯಿಂದ ಹೊರಟ ಗಾನವು ಹೀಗೆ ಮತ್ತೆ ಬಾಯಿಂದ ಬಾಯಿಗೆ ಸಾಗುವುದಾಗಿದೆ.