ಗಬ್ಬೂರಿನ ಬಿಸಿಲು, ಗುಡಿಯೊಳಗಿನ ಕತ್ತಲು

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಗಬ್ಬೂರು ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಅಲ್ಲಿನ ಮಳೆ ಶಂಕರನ ಗುಡಿಯಂಥ ಕಡೆ ಮಧ್ಯಾಹ್ನ ಫೋಟೊ ತೆಗೆಯಲು ನಿಂತರೆ ಪೇಚು ಶುರುವಾಗುತ್ತದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕಂಬಗಳ ಹಿಂದೆ ಕತ್ತಲು. ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಕ್ಯಾಮೆರಾಗೆ ಒಂದೇ ಸಲ ಅಷ್ಟನ್ನೂ ಹಿಡಿಯಲಾಗದು. ಅನುಮಾನ ಬಂದಾಗ ಬೆಳಕು ಜಾಸ್ತಿ ಬಿಡಬೇಕೆ, ಕಮ್ಮಿ ಬಿಡಬೇಕೆ?

ರೀಲಿನ ಕಾಲದಲ್ಲಿ ಉತ್ತರ ಫಿಲ್ಮಿನ ಮೇಲೆ ನಿಂತಿತ್ತು. ಮದುವೆಗೆ ಬಳಸುತ್ತಿದ್ದ ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಹೆಚ್ಚು ಬೆಳಕನ್ನು ಸುಲಭವಾಗಿ ತಡೆದುಕೊಳ್ಳುತ್ತಿತ್ತು, ಪ್ರಿಂಟ್ ಹಾಕುವಾಗ ಸರಿಪಡಿಸಬಹುದಿತ್ತು. ಕಮ್ಮಿಯಾದರೆ ನೆರಳಿನ ಭಾಗ ಮೂಡುತ್ತಲೇ ಇರಲಿಲ್ಲ. 1935ರಲ್ಲಿ ಬಂದ ಕೊಡಾಕ್ರೋಮ್‌ನಂಥ ಸ್ಲೈಡ್ ಫಿಲ್ಮ್ ತದ್ವಿರುದ್ಧ. ಬೆಳಕು ಹೆಚ್ಚಾದ ಜಾಗದಲ್ಲಿ ಬಣ್ಣವೆಲ್ಲ ತೊಳೆದುಹೋಗುತ್ತಿತ್ತು. ಅದಕ್ಕೇ ಸ್ಲೈಡ್ ಬಳಸುವವರು ಕೊಂಚ ಅಂಡರ್ ಹೊಡೆಯುತ್ತಿದ್ದರು, ಅಂದರೆ ಬೆಳಕು ಕಮ್ಮಿ ಬಿಡುತ್ತಿದ್ದರು.

ಡಿಜಿಟಲ್ ಸೆನ್ಸರ್ ಈ ವಿಷಯದಲ್ಲಿ ಸ್ಲೈಡಿನ ಕಡೆಗೇ. ಅದರ ಒಂದೊಂದು ಪಿಕ್ಸೆಲ್ಲೂ ಬಿದ್ದ ಬೆಳಕಿಗೆ ತಕ್ಕಷ್ಟು ಎಲೆಕ್ಟ್ರಾನ್ ಕೂಡಿಸಿಕೊಳ್ಳುತ್ತದೆ. ಸೇರು ತುಂಬಿದ ಮೇಲೆ ಸುರಿದ ಜೋಳ ಅಳತೆಗೆ ಸಿಗದ ಹಾಗೆ, ಪಿಕ್ಸೆಲ್ ತುಂಬಿದ ಮೇಲೆ ಬಂದ ಬೆಳಕು ದಾಖಲಾಗುವುದಿಲ್ಲ. ಅಲ್ಲಿ ಉಳಿಯುವುದು ಬರೀ ಬಿಳುಪು. ಯಾವ ಸಾಫ್ಟ್‌ವೇರೂ ಅದರೊಳಗಿಂದ ಕಲ್ಲಿನ ಉಳಿ ಗುರುತನ್ನು ಮರಳಿ ತರಲಾರದು.

ಹಾಗೆಂದು ಕತ್ತಲೆಯ ಕಡೆ ವಾಲಿದರೂ ನಷ್ಟವಿದೆ. ಬೆಳಕು ಫೋಟಾನ್‌ಗಳಾಗಿ ಹನಿಹನಿಯಾಗಿ, ಏರುಪೇರಾಗಿ ಬೀಳುತ್ತದೆ. ಸರಾಸರಿ 100 ಫೋಟಾನ್ ಸೇರುವ ಪಿಕ್ಸೆಲ್‌ನಲ್ಲಿ ಏರುಪೇರು ಸುಮಾರು 10, ಅಂದರೆ ಶೇ 10. ಅದೇ 10,000 ಸೇರಿದರೆ ಏರುಪೇರು 100, ಬರೀ ಶೇ 1. ಆದ್ದರಿಂದಲೇ ಅಂಡರ್ ಆದ ಫೋಟೊವನ್ನು ಕಂಪ್ಯೂಟರಿನಲ್ಲಿ ಎತ್ತಿದರೆ ಗರ್ಭಗುಡಿಯ ಗೋಡೆಯೆಲ್ಲ ಕಾಳುಕಾಳಾಗಿ ಕಾಣುತ್ತದೆ.

ಫೋಟೊಶಾಪ್ ರೂಪಿಸಿದವರಲ್ಲೊಬ್ಬರಾದ ಥಾಮಸ್ ನೋಲ್ ಅವರ ಜೊತೆಗಿನ ಮಾತುಕತೆಯ ನಂತರ ಕೆನಡಾದ ಛಾಯಾಗ್ರಾಹಕ ಮೈಕೆಲ್ ರೈಕ್‌ಮನ್ 2003ರಲ್ಲಿ ಒಂದು ದಾರಿ ಬರೆದರು: ಸೆನ್ಸರ್ ದಾಖಲಿಸಿದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯುವಾಗ, ಕತ್ತಲೆಯಿಂದ ಬೆಳಕಿನವರೆಗಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ಬಲತುದಿಗೆ ಅಪ್ಪಳಿಸದಂತೆ, ಆದರೆ ಆದಷ್ಟು ಬಲಕ್ಕೆ ಇಡಿ. 12 ಬಿಟ್ ಫೈಲಿನ 4096 ಮಟ್ಟಗಳಲ್ಲಿ 2048 ಅತಿ ಬೆಳಕಿನ ಒಂದು ಸ್ಟಾಪ್‌ಗೇ ಸಲ್ಲುತ್ತವೆ ಎಂಬುದು ಅವರ ವಾದ. ಫೋಟಾನ್ ಲೆಕ್ಕವೇ ಅದಕ್ಕಿಂತ ಗಟ್ಟಿ ಕಾರಣ. ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪೆಗ್‌ನಲ್ಲಿ ಮಾತ್ರ ಅಷ್ಟು ಧೈರ್ಯ ಬೇಡ, ಕೊಂಚ ಅಂಡರ್ ಇಡುವುದೇ ಮೇಲು.

ಯಾವುದು ಉಳಿಯಬೇಕು ಎನ್ನುವುದನ್ನು ಕ್ಯಾಮೆರಾ ಹೇಳದು. ಮಂಟಪದೊಳಗಿನ ಅಕ್ಷರ ಬೇಕಿದ್ದರೆ ಬಾಗಿಲಾಚೆಯ ಆಕಾಶ ಬೆಳ್ಳಗಾದರೂ ಚಿಂತೆಯಿಲ್ಲ. ಬಿಸಿಲಲ್ಲಿ ನಿಂತ ಶಾಸನಗಲ್ಲಾದರೆ ಅಕ್ಷರದ ಅಂಚಿನ ಹೊಳಪನ್ನೇ ಕಾಯಬೇಕು. ಓದಲು ನೆರವಾಗುವುದು ಕೊರೆದ ಗೀರಿನೊಳಗಿನ ನೆರಳು. ಅದು ಚೆನ್ನಾಗಿ ಬೀಳುವುದು ಬೆಳಗ್ಗೆ, ಸಂಜೆ, ಬೆಳಕು ಪಕ್ಕದಿಂದ ಬಂದಾಗ. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ಸ್ಟ್ಯಾಂಡ್ ಹಾಕಿ, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆದುಕೊಳ್ಳಲು ಬೇಕಾದಷ್ಟು ಸಮಯವಿರುತ್ತದೆ.